ಟೀ ಶರ್ಟಿಗೆ ಬಿಟ್ಟರು, ಜೀನ್ಸಿಗೆ ಹಿಡಿದರು

ಮೇಷ್ಟ್ರೇ, ನಮಸ್ಕಾರ.

ಅಮೆರಿಕದ ಡಲ್ಲಾಸ್‌ನ ಮಗಳ ಮನೆಯಿಂದ ನೀವು ಬರೆದ ಪತ್ರ ತಲುಪಿದೆ. ಮೊಮ್ಮಗಳು 'ಯುದ್ಧ ಬೇಡ' ಎಂದು ಬರೆದಿದ್ದ ಟೀ ಶರ್ಟ್ ತೊಟ್ಟು ಅಲ್ಲಿನ ಸರ್ಕಾರಿ ಶಾಲೆಗೆ ಹೋದಳು. ಯಾರೂ ಚಕಾರ ಎತ್ತಲಿಲ್ಲ. ಮರುದಿನ ಹರಿದ ಜೀನ್ಸ್ ಹಾಕಿದ್ದಕ್ಕೆ ಮನೆಗೆ ಫೋನ್ ಬಂತು. 'ನಾನು 30 ವರ್ಷ ಹೆಡ್‌ಮಾಸ್ಟರ್ ಆಗಿದ್ದವನು. ಎರಡನ್ನೂ ಬಿಡುತ್ತಿರಲಿಲ್ಲ. ಇದೆಂಥ ಶಿಸ್ತು?' ಎಂದು ಕೇಳಿದ್ದೀರಿ.

ಇದರ ಬೇರು 1965ರ ಡಿಸೆಂಬರ್‌ನಲ್ಲಿದೆ. ಅಯೋವಾ ರಾಜ್ಯದ ಡಿ ಮೊಯಿನ್ ಊರು. ವಿಯೆಟ್ನಾಂ ಯುದ್ಧಕ್ಕೆ ನಮ್ಮ ವಿರೋಧವಿದೆ ಎಂದು ತೋರಿಸಲು ಕೆಲವು ಮಕ್ಕಳು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಳ್ಳಲು ಹೊರಟರು. ಸುದ್ದಿ ಮೊದಲೇ ಗೊತ್ತಾಗಿ, ಪ್ರಿನ್ಸಿಪಾಲರೆಲ್ಲ ಸೇರಿ ಪಟ್ಟಿ ಕಟ್ಟಬಾರದೆಂದು ನಿಯಮ ಮಾಡಿದರು. 13 ವರ್ಷದ ಮೇರಿ ಬೆತ್ ಟಿಂಕರ್ ಕಟ್ಟಿಕೊಂಡೇ ಹೋದಳು. ತೆಗೆ ಎಂದಾಗ ತೆಗೆದಳು, ಆದರೂ ಸಸ್ಪೆಂಡ್ ಆದಳು. ರಜೆ ಮುಗಿದ ಮೇಲೆ ಈ ಮಕ್ಕಳು ಪಟ್ಟಿಯಿಲ್ಲದೆ ಬಂದರು. ಆದರೆ ಆ ಶಾಲಾ ವರ್ಷ ಮುಗಿಯುವವರೆಗೂ ಕಪ್ಪು ಬಟ್ಟೆಯನ್ನೇ ತೊಟ್ಟರು. ಅದಕ್ಕೇನು ಮಾಡ್ತೀರಿ, ಮೇಷ್ಟ್ರೇ?

1969ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳು ಮಕ್ಕಳ ಪರ ನಿಂತರು, ಇಬ್ಬರು ಒಪ್ಪಲಿಲ್ಲ. ತೀರ್ಪಿನಲ್ಲಿ ನನಗೆ ಹಿಡಿಸಿದ್ದು ಒಂದು ಸಣ್ಣ ಸಂಗತಿ. ಅದೇ ಶಾಲೆಗಳಲ್ಲಿ ಚುನಾವಣೆ ಬ್ಯಾಡ್ಜ್ ಹಾಕಿದವರಿದ್ದರು. ನಾಜಿಗಳ ನೆನಪು ತರುವ ಐರನ್ ಕ್ರಾಸ್ ಪದಕ ತೊಟ್ಟವರೂ ಇದ್ದರು. ತಡೆ ಮಾತ್ರ ಕಪ್ಪು ಪಟ್ಟಿಗೆ. ಶಾಲೆಯವರು ಸಿಕ್ಕಿಬಿದ್ದದ್ದು ಅಲ್ಲೇ. ಪಾಠ ಕೆಡಬಹುದೆಂಬ ಬರೀ ಭಯ ಸಾಲದು, ಅದಕ್ಕೆ ಆಧಾರ ಬೇಕು ಎಂದಿತು ಕೋರ್ಟು. ಜೊತೆಗೆ, ಇದು ಸ್ಕರ್ಟಿನ ಉದ್ದದ ಮಾತಲ್ಲ, ಕೂದಲಿನ ಮಾತೂ ಅಲ್ಲ ಎಂದು ಬಿಡಿಸಿ ಹೇಳಿತು. ಹಾಗಾಗಿ ಜೀನ್ಸಿನ ತೂತು ಶಾಲೆಯ ಕೈಯಲ್ಲೇ ಉಳಿಯಿತು.

ಒಪ್ಪದವರಲ್ಲಿ ಹ್ಯೂಗೋ ಬ್ಲ್ಯಾಕ್ ಒಬ್ಬರು. ವಾಕ್ ಸ್ವಾತಂತ್ರ್ಯದ ದೊಡ್ಡ ಕಾವಲುಗಾರ ಎಂದೇ ಅವರಿಗೆ ಹೆಸರು. ಗಣಿತದ ಮೇಷ್ಟ್ರೊಬ್ಬರ ಪಾಠವೇ ಈ ಜಗಳದಿಂದ ಹಾಳಾಯಿತು ಎಂದು ಅವರು ಬರೆದರು. ನೀವು ಓದಿದರೆ ಖುಷಿಪಡುತ್ತೀರಿ.

ಶಾಲೆಯವರ ಕೈ ಪೂರ್ತಿ ಕಟ್ಟಿಲ್ಲ. ಅಸಭ್ಯ ಮಾತನ್ನು ತಡೆಯಬಹುದು ಎಂದು 1986ರಲ್ಲಿ ಅದೇ ಕೋರ್ಟ್ ಹೇಳಿತು. ನಿಮ್ಮ ಡಲ್ಲಾಸ್ ಪಕ್ಕದ ವ್ಯಾಕ್ಸಹ್ಯಾಚಿಯಲ್ಲಿ ಬರಹವಿರುವ ಅಂಗಿಗಳನ್ನು ಹೆಚ್ಚುಕಡಿಮೆ ಪೂರ್ತಿ ನಿಷೇಧಿಸಿದಾಗ, ಫೆಡರಲ್ ಮೇಲ್ಮನವಿ ಕೋರ್ಟ್ 2009ರಲ್ಲಿ ಅದನ್ನು ಎತ್ತಿಹಿಡಿಯಿತು. ಯಾವ ಅಭಿಪ್ರಾಯವೆಂದು ನೋಡದೆ ಎಲ್ಲರಿಗೂ ಒಂದೇ ನಿಯಮ ಇಟ್ಟಿದ್ದರಿಂದ ಅದು ಉಳಿಯಿತು. ನನಗೂ ಇದೇ ಸರಿ ಅನಿಸುತ್ತದೆ. 'ಯುದ್ಧ ಬೇಡ' ಎನ್ನುವ ಅಂಗಿ ತೆಗೆಸಿ, 'ಯುದ್ಧ ಬೇಕು' ಎನ್ನುವುದನ್ನು ಬಿಟ್ಟರೆ ಅದು ಶಿಸ್ತು ಹೇಗಾಗುತ್ತದೆ?

'ನಮ್ಮಲ್ಲಿ ಇದೆಲ್ಲ ನಡೆಯಲ್ಲ' ಎಂದಿದ್ದೀರಿ. ನಡೆದಿದೆ. 1985ರಲ್ಲಿ ಕೇರಳದ ಮೂರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಂತರು, ಆದರೆ ತಮ್ಮ ಧರ್ಮ ಒಪ್ಪುವುದಿಲ್ಲವೆಂದು ಹಾಡಲಿಲ್ಲ. ಶಾಲೆ ಹೊರಗೆ ಹಾಕಿತು. ಮರುವರ್ಷ ನಮ್ಮ ಸುಪ್ರೀಂ ಕೋರ್ಟ್ ವಾಪಸ್ ಸೇರಿಸಿಕೊಳ್ಳಿ ಎಂದಿತು. ಧ್ವಜವಂದನೆಗೆ ಮಕ್ಕಳನ್ನು ಬಲವಂತ ಮಾಡುವಂತಿಲ್ಲ ಎಂಬ ಅಮೆರಿಕದ 1943ರ ತೀರ್ಪನ್ನೂ ಅದರಲ್ಲಿ ನೆನೆಯಿತು.

ಇನ್ನು ಹರಿದ ಜೀನ್ಸ್. ಅದರಲ್ಲಿ ಮಾತ್ರ ನಾನು ನಿಮ್ಮ ಪಕ್ಷ. ಆದರೆ ಸುಮ್ನೆ ಸೂಜಿದಾರ ತೆಗೆಯಬೇಡಿ. ಆ ತೂತಿಗೇ ಜಾಸ್ತಿ ದುಡ್ಡು ಕೊಟ್ಟಿರ್ತಾರೆ!

— ಸಂಪಾದಕ