ಮಾರಿಷಸ್ ಕಬ್ಬಿಗೆ ಯುರೋಪಿನ ದುಡ್ಡು ಯಾಕೆ ಬಂತು?

ಪ್ರಶ್ನೆ: ನಾನು ಮಂಡ್ಯ ಕಡೆಯ ಕಬ್ಬು ಬೆಳೆಗಾರ. ಮಾರಿಷಸ್ ಕಬ್ಬಿಗೆ ಯುರೋಪ್ ಒಕ್ಕೂಟ ತುಂಬಾ ನೆರವು ಕೊಟ್ಟಿತ್ತು ಅಂತ ಕೇಳಿದೆ. ಅಷ್ಟು ದೂರದ ದ್ವೀಪಕ್ಕೆ ಸುಮ್ನೆ ಯಾಕೆ ದುಡ್ಡು ಕೊಡ್ತಾರೆ? ಅದು ರೈತರ ಕೈ ಸೇರಿತಾ?

ಉತ್ತರ: ಸುಮ್ನೆ ಕೊಡಲಿಲ್ಲ ಸರ್. ಮೊದಲು ಬೆಲೆಯ ವಿಷಯ ಹೇಳಬೇಕು.

1975ರಲ್ಲಿ ಟೋಗೋ ದೇಶದ ಲೋಮೆಯಲ್ಲಿ ಯುರೋಪಿನ ಒಕ್ಕೂಟ 46 ದೇಶಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಅದರಲ್ಲಿ ಸಕ್ಕರೆಗೇ ಬೇರೆ ಕರಾರು. ವರ್ಷಕ್ಕೆ ಇಷ್ಟು ಟನ್ ತಗೊಳ್ತೇವೆ, ಯುರೋಪಿನ ಒಳಗಿನ ಬೆಲೆಯನ್ನೇ ಕೊಡ್ತೇವೆ ಅಂತ. ಮಾರಿಷಸ್ ಪಾಲು ಸುಮಾರು 4.9 ಲಕ್ಷ ಟನ್, ಎಲ್ಲರಿಗಿಂತ ಜಾಸ್ತಿ. ಬಹುತೇಕ ವರ್ಷ ಆ ಬೆಲೆ ಹೊರಗಿನ ಮಾರುಕಟ್ಟೆಗಿಂತ ಎಷ್ಟೋ ಮೇಲಿತ್ತು. ನನ್ನನ್ನು ಕೇಳಿದರೆ ದೊಡ್ಡ ನೆರವು ಇದೇ. ಕಟಾವಿಗೆ ಮುಂಚೆಯೇ ಬೆಲೆ ಗೊತ್ತಿದ್ದರೆ ಎಷ್ಟು ನಿರಾಳ ಅಂತ ನಿಮಗೆ ಹೇಳಬೇಕಿಲ್ಲ ಅಲ್ವಾ? ಸಕ್ಕರೆಯ ಲಾಭದಲ್ಲೇ ಅಲ್ಲಿ ಬಟ್ಟೆ ಕಾರ್ಖಾನೆ, ಹೋಟೆಲುಗಳೂ ಎದ್ದವು.

ಆಮೇಲೆ ಬ್ರೆಜಿಲ್, ಆಸ್ಟ್ರೇಲಿಯಾ, ಥಾಯ್ಲೆಂಡ್ ಸೇರಿ ಯುರೋಪಿನ ಸಕ್ಕರೆ ಸಬ್ಸಿಡಿ ವಿರುದ್ಧ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು, ಗೆದ್ದವು. 2006ರಲ್ಲಿ ಶುರುವಾದ ಸುಧಾರಣೆಯಲ್ಲಿ ಒಕ್ಕೂಟ ನಾಲ್ಕು ವರ್ಷದೊಳಗೆ ಬೆಲೆಯನ್ನು ಶೇ 36ರಷ್ಟು ಇಳಿಸಿತು. 2009ಕ್ಕೆ ಹಳೇ ಕರಾರೇ ಮುಗಿಯಿತು. ನೀವು ಕೇಳಿದ ದುಡ್ಡು ಬಂದದ್ದು ಈ ಹೊತ್ತಿನಲ್ಲಿ, ಮಾರಿಷಸ್ ಸೇರಿ 18 ದೇಶಗಳಿಗೆ. ಕಿತ್ತುಕೊಂಡ ಬೆಲೆಗೆ ಕೊಟ್ಟ ಪರಿಹಾರ ಅಂದರೆ ಸರಿ.

ಮಾರಿಷಸ್ ಹತ್ತು ವರ್ಷದ ಯೋಜನೆಯನ್ನು ತಾನೇ ಬರೆದುಕೊಂಡಿತು. ದುಡ್ಡು ಸರ್ಕಾರದ ಬಜೆಟ್‌ಗೆ ಬರುತ್ತಿತ್ತು. ಒಪ್ಪಿದ ಕೆಲಸ ಆದರೆ ಮುಂದಿನ ಕಂತು. ಕಾರ್ಖಾನೆಗಳು 11ರಿಂದ ನಾಲ್ಕಕ್ಕೆ ಇಳಿದವು. ಕಚ್ಚಾ ಸಕ್ಕರೆ ಬಿಟ್ಟು ಬಿಳಿ ಸಕ್ಕರೆ ಮಾಡತೊಡಗಿದರು, ಕಬ್ಬಿನ ಸಿಪ್ಪೆಯಿಂದ ಕರೆಂಟು ತೆಗೆಯುವುದನ್ನು ಹೆಚ್ಚಿಸಿದರು. ಕೆಲಸ ಬಿಟ್ಟ ಕಾರ್ಮಿಕರಿಗೆ ನಗದು, ಜೊತೆಗೆ ಮನೆ ಕಟ್ಟಲು ಜಾಗ ಸಿಕ್ಕಿತು.

ಇನ್ನು ರೈತರ ಕೈ. ಮಾರಿಷಸ್ ಜ್ವಾಲಾಮುಖಿಯಿಂದ ಎದ್ದ ನೆಲ, ಹೊಲದ ತುಂಬಾ ಕಪ್ಪು ಕಲ್ಲು. 1834ರಿಂದ ಕೂಲಿ ಕರಾರಿನ ಮೇಲೆ ಹೋದ ನಮ್ಮ ದೇಶದ ಜನ ಅವನ್ನು ಕೈಯಲ್ಲೇ ಆರಿಸಿ ಒಟ್ಟಿದರು. ಆ ಗುಡ್ಡೆಗಳು ಇವತ್ತಿಗೂ ಕಬ್ಬಿನ ನಡುವೆ ನಿಂತಿವೆ. ಯುರೋಪಿನ ದುಡ್ಡಿನ ಒಂದು ಪಾಲು ಸಣ್ಣ ರೈತರ ತುಂಡು ಹೊಲಗಳನ್ನು ಒಟ್ಟು ಸೇರಿಸಿ, ಯಂತ್ರದಿಂದ ಕಲ್ಲು ತೆಗೆಸಿ, ನೀರಾವರಿ ಮಾಡಲು ಹೋಯಿತು. ಅಂದರೆ ಹೊಲಕ್ಕೆ ಸೇರಿತು. ಆದರೆ ಟನ್ನಿಗೆ ಬರುತ್ತಿದ್ದ ಆ ಹಳೇ ಬೆಲೆ ತಿರುಗಿ ಬರಲಿಲ್ಲ. ಎಷ್ಟೋ ಸಣ್ಣ ರೈತರು ಕಬ್ಬನ್ನೇ ಬಿಟ್ಟರು. ಆ ಸಕ್ಕರೆ ಕರಾರಿನ ಅಷ್ಟೂ ವರ್ಷ ಬೆವರು ಸುರಿಸಿದವರು ಅವರು. ನನಗೆ ಈಗಲೂ ಬೇಸರ ಆಗುವುದು ಅದಕ್ಕೇ.