‘ಬಿಚ್ಚಿಬಿಡು ಮಾರಾಯ ಅಂದಿದ್ದೆ’

ನಾನು ಆಪ್ತಸಮಾಲೋಚಕಿ. ನನ್ನ ಹತ್ತಿರ ಬಂದ ಒಬ್ಬರ ಕಥೆ ಇದು. ಹೆಸರು, ಊರು, ಕೆಲಸದ ಜಾಗದ ಗುರುತು ಎಲ್ಲ ಬದಲಾಯಿಸಿದ್ದೇನೆ. ಅವರು ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ಶೀನಣ್ಣ ಎಂದು ಕರೆಯೋಣ. ವಯಸ್ಸು 40ರ ಆಸುಪಾಸು, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವರು. 20 ವರ್ಷದಿಂದ ಸಾರಣೆ ಕೆಲಸ, ಅಂದರೆ ಗೋಡೆಗೆ ಗಾರೆ ಮೆತ್ತುವುದು. ನನ್ನ ಹತ್ತಿರ ಕರಕೊಂಡು ಬಂದದ್ದು ಅವರ ಹೆಂಡತಿ. “ಟ್ರೈನಿಂಗಿನಲ್ಲಿ ಬೊಬ್ಬೆ ಹಾಕಿ ಓಡಿ ಬಂದಿದ್ದಾರೆ ಮೇಡಂ. ಕುಡಿದಿದ್ದಾನೆ ಅಂತ ಸೂಪರ್‌ವೈಸರ್ ಮನೆಗೆ ಕಳಿಸಿದ್ರು. ಆ ದಿವಸ ಇವರು ಒಂದು ತೊಟ್ಟೂ ಕುಡಿದಿರಲಿಲ್ಲ” ಅಂದರು. ಶೀನಣ್ಣ ಕಿಟಕಿಯ ಕಡೆ ನೋಡುತ್ತಾ ಕೂತಿದ್ದರು.

ಎತ್ತರದಲ್ಲಿ ಬೀಳದ ಹಾಗೆ ಕೆಲಸ ಮಾಡುವುದು ಹೇಗೆ ಎಂಬ ಅರ್ಧ ದಿನದ ತರಬೇತಿ ಅದು. ಎದೆಗೂ ತೊಡೆಗೂ ಪಟ್ಟಿ ಬರುವ ಬೆಲ್ಟ್ ಹಾಕಿಸಿ, ತಲೆಯ ಮೇಲಿನ ಕಂಬಿಗೆ ಅದರ ಹಗ್ಗದ ಹುಕ್ ಸಿಕ್ಕಿಸಿ, ಎರಡೂ ಕಾಲು ನೆಲದಿಂದ ಎತ್ತಲು ಹೇಳಿದರಂತೆ. ಪಟ್ಟಿ ತೊಡೆಗೆ ಬಿಗಿಯಿತು. ಅಷ್ಟೇ, ಮುಂದಿನದು ಅವರಿಗೆ ಸರಿಯಾಗಿ ನೆನಪಿಲ್ಲ.

ಮೊದಲ ಎರಡು ಭೇಟಿಯಲ್ಲಿ ಒಂದೇ ಮಾತು: “ಮೇಲೆ ಹೋದ್ರೆ ತಲೆ ತಿರುಗ್ತದೆ.” ಹಾಗಾಗಿ ಮೊದಲು ಡಾಕ್ಟರ ಹತ್ತಿರ ಕಳಿಸಿದೆ. ಬಿಪಿ, ಶುಗರ್, ಕಿವಿಯ ತೊಂದರೆಯಿಂದಲೂ ತಲೆ ತಿರುಗಬಹುದು. ಅದನ್ನು ನೋಡದೆ ಎಲ್ಲವನ್ನೂ ಮನಸ್ಸಿನ ಮೇಲೆ ಹಾಕುವುದು ತಪ್ಪು. ಎಲ್ಲ ಸರಿ ಇತ್ತು. ಆದರೆ ನಡುರಾತ್ರಿ ಎಚ್ಚರ ಆಗುತ್ತಿತ್ತು. ಎಲ್ಲಾದರೂ ಹಲಗೆ ಬಿದ್ದ ಸದ್ದಾದರೆ ಮೈ ಬೆಚ್ಚಿ ಬೀಳುತ್ತಿತ್ತು. ಸಂಜೆ ಒಂದು ಕ್ವಾರ್ಟರ್ ಇಲ್ಲದೆ ಕಣ್ಣು ಮುಚ್ಚುತ್ತಿರಲಿಲ್ಲ. ಇದೆಲ್ಲ ಶುರುವಾಗಿ 8 ತಿಂಗಳು. ಇಂಥದ್ದು ಒಂದು ತಿಂಗಳು ದಾಟಿದರೆ ತಾನಾಗಿ ಹೋಗಲಿ ಎಂದು ಕಾಯಬಾರದು.

ಮೂರನೇ ಸಲ ಹೆಂಡತಿಯನ್ನು ಹೊರಗೆ ಕೂರಿಸಿ ಒಬ್ಬರೇ ಬಂದರು.

8 ತಿಂಗಳ ಹಿಂದೆ ಒಂದು ಕಟ್ಟಡದ ಹೊರಗೋಡೆಗೆ ಸಾರಣೆ ನಡೆಯುತ್ತಿತ್ತು. ಪೈಪು, ಹಲಗೆ ಕಟ್ಟಿ ಮಾಡಿದ ಅಟ್ಟಳಿಗೆಯ ಮೇಲೆ, ನೆಲದಿಂದ ಸುಮಾರು 6 ಮೀಟರ್ ಎತ್ತರ. ಜೊತೆಗಾರ ಬೆಲ್ಟ್ ಹಾಕಿದ್ದ, ಹುಕ್ಕನ್ನು ಅಡ್ಡ ಪೈಪಿಗೆ ಸಿಕ್ಕಿಸಿದ್ದ. ಶೀನಣ್ಣ ಇದ್ದಲ್ಲಿಗೆ ಬರಬೇಕಾದರೆ ಒಂದು ನಿಂತ ಪೈಪನ್ನು ದಾಟಬೇಕು. ಹುಕ್ ಅಲ್ಲಿಗೆ ಬಂದು ನಿಂತಿತು. “ಬಿಚ್ಚಿಬಿಡು ಮಾರಾಯ, ಗಾರೆ ಗಟ್ಟಿಯಾಗ್ತದೆ ಅಂದೆ. ಅವ ಬಿಚ್ಚಿದ. ಹಲಗೆ ಮಳೆಗೆ ಚಂಡಿ ಇತ್ತು.” ಜೊತೆಗಾರ ಬದುಕಿದ್ದಾನೆ. ಬೆನ್ನುಮೂಳೆ ಮುರಿದು ಕಾಲು ಎರಡೂ ಹೋಗಿವೆ. ಶೀನಣ್ಣ ಒಂದು ಸಲವೂ ನೋಡಲು ಹೋಗಿರಲಿಲ್ಲ. ತಾನು ಅಂದ ಮಾತನ್ನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ.

‘ನಿಮ್ಮದು ಏನೂ ತಪ್ಪಿಲ್ಲ’ ಎಂದು ನಾನು ಹೇಳಲಿಲ್ಲ. ಹಾಗೆ ಹೇಳಿದರೆ ಅವರು ಎದ್ದು ಹೋಗುತ್ತಿದ್ದರು. ಅವರು ಹೇಳಿದ್ದು ನಿಜ, ಆದದ್ದೂ ನಿಜ. ‘ಹುಕ್ ಯಾಕೆ ಬಿಚ್ಚಬೇಕಾಯಿತು, ನನಗೆ ಅರ್ಥ ಆಗುವ ಹಾಗೆ ತೋರಿಸಿ’ ಅಂತ ಕೇಳಿದೆ.

ನನ್ನ ಗುರುತಿನ ಚೀಟಿಯ ಪಟ್ಟಿಯಲ್ಲಿ ಒಂದು ಸಣ್ಣ ಹುಕ್ ಇದೆ. ಅದನ್ನು ತೆಗೆದುಕೊಂಡು ಕಿಟಕಿಯ ಅಡ್ಡ ಸರಳಿಗೆ ಸಿಕ್ಕಿಸಿದರು. ನಿಧಾನ ಎಳೆದರು. ನಿಂತ ಸರಳಿಗೆ ತಾಗಿ ನಿಂತಿತು. ಮತ್ತೆ ಎಳೆದರು, ಮತ್ತೆ ನಿಂತಿತು. “ಒಂದೇ ಹುಕ್ ಆದ್ರೆ ಬಿಚ್ಚದೆ ದಾಟ್ಲಿಕ್ಕೆ ಆಗುದಿಲ್ಲ ಮೇಡಂ.” ಸ್ವಲ್ಪ ಹೊತ್ತು ಸುಮ್ಮನಾದರು. ಮೇಜಿನ ಮೇಲಿದ್ದ ಬೀಗದ ಕೈಗಳ ಗೊಂಚಲು ತೆಗೆದು, ಅದರ ಹುಕ್ಕನ್ನು ಸರಳಿನ ಆಚೆ ಬದಿಗೆ ಸಿಕ್ಕಿಸಿದರು. ಆಮೇಲೆ ಈಚೆಯದ್ದನ್ನು ಬಿಚ್ಚಿದರು. “ಎರಡು ಹುಕ್ಕಿನ ಬೆಲ್ಟ್ ಉಂಟು. ಟ್ರೈನಿಂಗಿನಲ್ಲಿ ಆ ದಿವಸ ಅದನ್ನೇ ತೋರಿಸಿದ್ದು.”

ಆ ಬೊಬ್ಬೆ ಯಾಕೆ ಬಂತು ಎಂದು ನನಗೆ ಆಗ ಗೊತ್ತಾಯಿತು.

ಮುಂದಿನ ಸಲ 10 ಅಡಿಕೆ ಕೊಟ್ಟೆ. ಈ ಅಪಘಾತಕ್ಕೆ ಯಾರ ಪಾಲು ಎಷ್ಟು, ಹಂಚಿ ಅಂದೆ. ಹತ್ತನ್ನೂ ತನ್ನ ಕಡೆಗೇ ಎಳೆದುಕೊಂಡರು. ಒಂದೊಂದಾಗಿ ಮಾತಾಡಿದೆವು. ಒಂದೇ ಹುಕ್ಕಿನ ಬೆಲ್ಟ್ ತಂದುಕೊಟ್ಟವರು ಯಾರು? ಅಟ್ಟಳಿಗೆಯ ಅಂಚಿಗೆ ಸೊಂಟದ ಎತ್ತರಕ್ಕೆ ಅಡ್ಡ ಕಂಬಿ ಯಾಕೆ ಇರಲಿಲ್ಲ? ಮಳೆ ಬಂದ ಮೇಲೆ ಹಲಗೆ ಒರೆಸಬೇಕು ಅಂತ ಯಾರಾದರೂ ಹೇಳಿದ್ದರಾ? ಕೊನೆಗೆ ಅವರ ಮುಂದೆ 2 ಅಡಿಕೆ ಉಳಿದವು. ಆ ಎರಡನ್ನು ನಾನು ಮುಟ್ಟಲಿಲ್ಲ.

“ಕೈ ಹಿಡಿಬಹುದಿತ್ತು” ಅನ್ನುವುದು ಇನ್ನೊಂದು ಕೊರಗು. 6 ಮೀಟರ್ ಬೀಳಲು ಬೇಕಾದದ್ದು ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ‘ಬಿಚ್ಚಿಬಿಡು ಮಾರಾಯ’ ಎಂದು ಹೇಳಿ ನೋಡಿ, ಅಷ್ಟು ಹೊತ್ತು. ಬೀಳಲು ಶುರುವಾದ ಮೇಲೆ ಕೈ ಹಿಡಿಯುವುದು ಯಾರಿಂದಲೂ ಆಗದ ಕೆಲಸ. ಅದಕ್ಕೇ ಅಲ್ವಾ ಬೀಳುವ ಮೊದಲೇ ಕಂಬಿ, ಹಗ್ಗ, ಹುಕ್ ಬೇಕಾಗುವುದು.

ಕೊಟ್ಟ ಸಲಹೆಗಳನ್ನು ಇಲ್ಲಿ ಹೇಳುತ್ತೇನೆ. ನಿದ್ದೆ ಸರಿಯಾಗುವ ತನಕ ಎತ್ತರದ ಕೆಲಸ ಬೇಡ. ನಿದ್ದೆಗೆಟ್ಟವನು ಮೇಲೆ ಹೋದರೆ ಇನ್ನೊಂದು ಅಪಘಾತ. ನಿದ್ದೆಗೆಂದು ಕುಡಿಯುವುದನ್ನು ಬಿಡಬೇಕು, ಆದರೆ ಡಾಕ್ಟರಿಗೆ ಹೇಳಿಯೇ. ಮನೋವೈದ್ಯರ ಮಾತ್ರೆ ತಪ್ಪಿಸಬಾರದು. ರಾತ್ರಿ ತಡೆಯಲಾಗದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬೇಕು. ಹೆಂಡತಿಗೆ ವಿಷಯ ಹೇಳಬೇಕು. ಅದನ್ನು ಅವರು ಅದೇ ದಿನ ಮನೆಗೆ ಹೋಗುವ ಬಸ್ಸಿನಲ್ಲಿ ಹೇಳಿದರಂತೆ.

ಕಷ್ಟದ್ದು ಜೊತೆಗಾರನ ಮನೆಗೆ ಹೋಗುವುದು. ಇಲ್ಲಿ ಮನಸ್ಸಿನ ಮಾತಿನ ಜೊತೆ ಕಾನೂನಿನ ಮಾತೂ ಇತ್ತು. ಪರಿಹಾರಕ್ಕೆ ಅರ್ಜಿಯನ್ನು ಅಪಘಾತ ಆಗಿ 2 ವರ್ಷದ ಒಳಗೆ ಹಾಕಬೇಕು. ‘ಅವನೇ ಬೇಕೆಂದು ಬೆಲ್ಟ್ ಬಿಚ್ಚಿದ್ದ’ ಎಂದು ಎದುರಿನವರು ವಾದ ಮಾಡಬಹುದು. ಬಿಚ್ಚದೆ ದಾಟಲು ದಾರಿಯೇ ಇರಲಿಲ್ಲ ಎಂದು ಕಣ್ಣಾರೆ ಕಂಡು ಹೇಳಬಲ್ಲವರು ಶೀನಣ್ಣ ಒಬ್ಬರೇ. 8 ತಿಂಗಳು ಅವರು ಮುಚ್ಚಿಟ್ಟ ಮಾತೇ ಆ ಮನೆಗೆ ಬೇಕಾಗಿತ್ತು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ ಎಂದೂ ತಿಳಿಸಿದೆ.

ಶೀನಣ್ಣನ ಒಪ್ಪಿಗೆ ಪಡೆದು ಕಂಟ್ರಾಕ್ಟರ್ ಹತ್ತಿರವೂ ಮಾತಾಡಿದೆ. ಬೆಲ್ಟ್ ಕೊನೆಯ ಆಸರೆ, ಮೊದಲು ಅಂಚಿನ ಕಂಬಿ ಆಗಲಿ ಎಂದೆ. ಇನ್ನೊಂದು ಮಾತು ನನಗೆ ತುಂಬಾ ಮುಖ್ಯ. ಆ ತರಬೇತಿ ನಡೆದದ್ದು ಮಲಯಾಳಂ ಮತ್ತು ಹಿಂದಿಯಲ್ಲಿ. ಬದಿಯಡ್ಕ, ಪೆರ್ಲ, ಮಂಜೇಶ್ವರ ಕಡೆಯ ನಮ್ಮವರು ಮಲಯಾಳಂ ಮಾತಾಡುತ್ತಾರೆ, ನಿಜ. ಆದರೆ ‘ನನಗೆ ಹೆದರಿಕೆ ಆಗ್ತಾ ಉಂಟು’ ಎಂದು ಹೇಳಲು ತುಳುವೋ ಕನ್ನಡವೋ ಬೇಕು. ಹುಕ್ಕನ್ನು ಕಾಲಿನ ಹತ್ತಿರ ಸಿಕ್ಕಿಸಿದರೆ ಬೆಲ್ಟ್ ಹಿಡಿಯುವ ಮೊದಲೇ ನೆಲ ಸಿಗಬಹುದು, ಅದಕ್ಕೇ ತಲೆಗಿಂತ ಮೇಲೆ ಸಿಕ್ಕಿಸಬೇಕು ಎಂದು ಅಲ್ಲಿ ಹೇಳಿದ್ದರಂತೆ. ಶೀನಣ್ಣನ ಸಾಲಿನಲ್ಲಿ ಕೂತಿದ್ದ ಮೂವರಿಗೂ ಅದು ತಲೆಗೆ ಹೋಗಿರಲಿಲ್ಲ. ಮುಂದಿನ ತರಬೇತಿಗೆ ತುಳು ಬಲ್ಲ ಮೇಸ್ತ್ರಿಯೊಬ್ಬರನ್ನು ಜೊತೆಗೆ ನಿಲ್ಲಿಸಲು ಒಪ್ಪಿದ್ದಾರೆ.

ಆರನೇ ಭೇಟಿಯ ಹಿಂದಿನ ಭಾನುವಾರ ಹೆಂಡತಿ ಜೊತೆ ಅಲ್ಲಿಗೆ ಹೋಗಿ ಬಂದರು. ಬಾಗಿಲಲ್ಲೇ ಕಾಲು ನಡುಗಿತಂತೆ. ಎಲ್ಲ ಹೇಳಿದರು. ಜೊತೆಗಾರ ತುಂಬಾ ಹೊತ್ತು ಗೋಡೆ ಕಡೆಗೆ ಮುಖ ಮಾಡಿ ಮಲಗಿದ್ದ. ಆಮೇಲೆ, “ನಿನ್ನ ಬುತ್ತಿಪಾತ್ರೆ ನನ್ನ ಚೀಲದಲ್ಲೇ ಉಳಿದಿತ್ತು, ತಕೊಂಡು ಹೋಗು” ಅಂದ. ಬೇರೆ ಏನೂ ಮಾತಾಡಲಿಲ್ಲ. ಎರಡು ವಾರ ಬಿಟ್ಟು ವಕೀಲರ ಹತ್ತಿರ ಹೋಗುವ ದಿನ ಅವನೇ ಫೋನ್ ಮಾಡಿ ಕರೆದ.

ಈಗ ಶೀನಣ್ಣ ನೆಲದ ಮೇಲಿನ ಕೆಲಸ ಮಾಡುತ್ತಿದ್ದಾರೆ. ಸಂಬಳ ಸ್ವಲ್ಪ ಕಡಿಮೆ. ಕಳೆದ ವಾರ ಎರಡು ಹುಕ್ಕಿನ ಬೆಲ್ಟ್ ಹಾಕಿ, ಅಟ್ಟಳಿಗೆಯ ಮೊದಲ ಹಲಗೆಯ ಮೇಲೆ 10 ನಿಮಿಷ ಸುಮ್ನೆ ನಿಂತು ಇಳಿದರು. ಎರಡನೆಯದಕ್ಕೆ ಇನ್ನೂ ಹತ್ತಿಲ್ಲ. ನಾನು ಅವಸರ ಮಾಡಿಲ್ಲ.