ಚಿತ್ರಕಥೆಯನ್ನು ನಿರ್ಮಾಪಕರಿಗೆ ಕೊಡುವ ಮೊದಲು ಕಾಪಿರೈಟ್ ಮಾಡಿಸಬೇಕೇ?

ಚಿತ್ರಕಥೆ ಮುಗಿದಿದೆ, ನಿರ್ಮಾಪಕರೊಬ್ಬರು ಓದಲು ಕೇಳಿದ್ದಾರೆ, ಪುರಾವೆಗೆ ಅಂಚೆಯಲ್ಲಿ ನನ್ನದೇ ವಿಳಾಸಕ್ಕೆ ಒಂದು ಪ್ರತಿ ಕಳಿಸಿಕೊಂಡರೆ ಸಾಕಲ್ಲವೇ ಎಂದು ಕೇಳಿದ್ದೀರಿ. ಸಾಲದು. ಖಾಲಿ ಲಕೋಟೆ ಕಳಿಸಿಕೊಂಡು ಆಮೇಲೆ ಹಾಳೆ ತುಂಬಿದ್ದಾರೆ ಎಂದು ಎದುರು ವಕೀಲರು ವಾದಿಸಿದರೆ ಉತ್ತರ ಕೊಡುವುದು ಕಷ್ಟ.

ಬರೆದಾಗಲೇ ಕಾಪಿರೈಟ್ ನಿಮ್ಮದಾಗಿದೆ. 1957ರ ಕಾಯ್ದೆ ನೋಂದಣಿಯನ್ನು ಕಡ್ಡಾಯ ಮಾಡಿಲ್ಲ. ಆದರೂ ಮಾಡಿಸಿ. 48ನೇ ಕಲಂ ಪ್ರಕಾರ ರಿಜಿಸ್ಟರಿನಲ್ಲಿರುವ ವಿವರಕ್ಕೆ ಮೇಲ್ನೋಟದ ಸಾಕ್ಷ್ಯದ ಬೆಲೆಯಿದೆ. ಅದು ತಪ್ಪೆನ್ನುವವರು ಅದನ್ನು ತೋರಿಸಬೇಕಾಗುತ್ತದೆ.

ಕಾಪಿರೈಟ್ ಕಚೇರಿಯ ಜಾಲತಾಣದಲ್ಲಿ ಖಾತೆ ತೆರೆದು ಫಾರ್ಮ್ 14 ತುಂಬಿ. ಅಪ್ರಕಟಿತ ಕೃತಿಗೂ ನೋಂದಣಿ ಉಂಟು. ಚಿತ್ರಕಥೆ ಸಾಹಿತ್ಯ ಅಥವಾ ನಾಟಕ ಕೃತಿಯ ವರ್ಗಕ್ಕೆ ಸೇರುತ್ತದೆ, ಶುಲ್ಕ 500 ರೂಪಾಯಿ. ಸಿನಿಮಾ ತಾನೇ ಎಂದು ಚಲನಚಿತ್ರದ ವರ್ಗ ಆರಿಸಬೇಡಿ. ಅದು ತಯಾರಾದ ಚಿತ್ರಕ್ಕೆ, ಶುಲ್ಕವೂ 5,000. ಹಣ ಕಟ್ಟಿದ ಮೇಲೆ ಡೈರಿ ನಂಬರ್ ಸಿಗುತ್ತದೆ. ಅದು ಅರ್ಜಿ ತಲುಪಿದ್ದಕ್ಕೆ ಗುರುತು, ನೋಂದಣಿಯಲ್ಲ. ಮುಂದೆ 30 ದಿನ ಆಕ್ಷೇಪಣೆಗೆ ಕಾಯುತ್ತಾರೆ, ಆಮೇಲೆ ಪರಿಶೀಲನೆ. ಅರ್ಜಿ ಸಿಕ್ಕಿಕೊಳ್ಳುವ ಒಂದು ಜಾಗ ಸಹಲೇಖಕರದು: ಸಂಭಾಷಣೆ ಬರೆದ ಗೆಳೆಯರ ಹೆಸರು ಬಿಟ್ಟರೆ, ಅಥವಾ ಅವರ ಸಹಿಯಿರುವ ನಿರಾಕ್ಷೇಪಣಾ ಪತ್ರ ಲಗತ್ತಿಸದಿದ್ದರೆ, ಕಚೇರಿಯಿಂದ ನ್ಯೂನತೆಯ ಪತ್ರ ಬರಬಹುದು, ಮುಂದೆ ಜಗಳವೂ ಆಗಬಹುದು.

ಶೀರ್ಷಿಕೆಗೂ ಕಥೆಯ ಎಳೆಗೂ ಕಾಪಿರೈಟ್ ಇಲ್ಲ. ಕಲ್ಪನೆಗೆ ರಕ್ಷಣೆಯಿಲ್ಲ, ಅದನ್ನು ವ್ಯಕ್ತಪಡಿಸಿದ ರೀತಿಗಷ್ಟೇ ಎಂದು ಸುಪ್ರೀಂ ಕೋರ್ಟ್ 1978ರಲ್ಲೇ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿದೆ. ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಟೈಟಲ್ ನೋಂದಾಯಿಸಿದರೆ ಕಥೆ ಭದ್ರವಾಗುವುದಿಲ್ಲ. ಹಾಗಾಗಿ ಎರಡು ಪುಟದ ಸಾರಾಂಶ ಸಾಲದು, ದೃಶ್ಯ, ಸಂಭಾಷಣೆ ಸಮೇತ ಪೂರ್ತಿ ಪ್ರತಿಯನ್ನೇ ಸಲ್ಲಿಸಿ. ಬಾಯಲ್ಲಿ ಕಥೆ ಹೇಳಿ ಬಂದ ದಿನವೇ ಅದರ ಸಾರವನ್ನು ನಿರ್ಮಾಪಕರಿಗೆ ಇಮೇಲ್ ಮಾಡಿ. ಸಾಧ್ಯವಾದರೆ ಮೊದಲೇ ಗೌಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿಸಿ.

ಇಷ್ಟೆಲ್ಲ ಮಾಡಿಯೂ ಲೇಖಕರು ಹಕ್ಕು ಕಳೆದುಕೊಳ್ಳುವುದು ಕರಾರು ಪತ್ರದಲ್ಲಿ, ಓದದೆ ಸಹಿ ಹಾಕಿ. ಹಕ್ಕಿನ ವರ್ಗಾವಣೆ ಬರಹದಲ್ಲೇ ಆಗಬೇಕು. 19ನೇ ಕಲಂ ಪ್ರಕಾರ ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಪಡೆದವರು ಒಂದು ವರ್ಷದೊಳಗೆ ಬಳಸದಿದ್ದರೆ ಹಕ್ಕು ನಿಮಗೇ ವಾಪಸ್, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ. ಆ "ಬೇರೆ ರೀತಿ" ಎಲ್ಲಿ ನುಸುಳಿದೆಯೆಂದು ಹುಡುಕಿ. "ಶಾಶ್ವತವಾಗಿ, ಜಗತ್ತಿನಾದ್ಯಂತ, ಎಲ್ಲ ಮಾಧ್ಯಮಗಳಲ್ಲಿ" ಎಂಬ ಸಾಲಿದ್ದರೆ ಒಪ್ಪಬೇಡಿ. ರೀಮೇಕ್, ಡಬ್ಬಿಂಗ್, ವೆಬ್ ಸರಣಿ ಒಂದೊಂದಕ್ಕೂ ಬೇರೆ ಮೊತ್ತ ಕೇಳಿ. ಮೂರು ವರ್ಷದಲ್ಲಿ ಚಿತ್ರೀಕರಣ ಶುರುವಾಗದಿದ್ದರೆ ಕಥೆ ನನಗೆ ಹಿಂದಿರುಗಬೇಕು ಎಂದು ಸ್ಪಷ್ಟವಾಗಿ ಬರೆಸಿ. ಆ ಸಾಲು ಸೇರುವವರೆಗೆ ಮುಂಗಡದ ಚೆಕ್ ಬ್ಯಾಂಕಿಗೆ ಹಾಕಬೇಡಿ.